ವೈಫೈ ಪಾಸ್‌ವರ್ಡ್ ಕೊಟ್ಟರೆ ಸ್ಪೀಕರನ್ನೂ ಕೊಟ್ಟಂತೆ: ನೆಂಟರಿಗೆ ಇಂಟರ್‌ನೆಟ್ ಕೊಡುವ ಸರಿಯಾದ ಕ್ರಮ

ಮನೆಗೆ ಬಂದ ನೆಂಟರು ಕೂತು ಶರಬತ್ತು ಕುಡಿಯುವಷ್ಟರಲ್ಲಿ ಈಗ ಬರುವ ಪ್ರಶ್ನೆ ಒಂದೇ: "ವೈಫೈ ಪಾಸ್‌ವರ್ಡ್ ಎಂತ?" ಇಲ್ಲ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಮನೆಯ ಹುಡುಗನೊಬ್ಬ ರೂಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿ ನೋಡಿ ಹೇಳುತ್ತಾನೆ. ಹತ್ತು ನಿಮಿಷದಲ್ಲಿ ಬಂದವರೆಲ್ಲರ ಫೋನ್ ಮನೆಯ ನೆಟ್‌ವರ್ಕ್‌ಗೆ ಸೇರಿರುತ್ತದೆ. ಕೊಟ್ಟದ್ದು ಇಂಟರ್‌ನೆಟ್ ಮಾತ್ರ ಎಂದು ಹೆಚ್ಚಿನವರ ಲೆಕ್ಕ. ಆದರೆ ಆ ಒಂದು ಪಾಸ್‌ವರ್ಡ್‌ನ ಜೊತೆಗೆ ಹಾಲ್‌ನ ಟಿವಿ, ಅಡುಗೆಮನೆಯ ಸ್ಮಾರ್ಟ್ ಸ್ಪೀಕರ್, ಮಲಗುವ ಕೋಣೆಯ ಸ್ಪೀಕರ್, ಕೆಲವೊಮ್ಮೆ ಸಿಸಿಟಿವಿ ಪೆಟ್ಟಿಗೆಯವರೆಗೂ ದಾರಿ ತೆರೆದಿರುತ್ತದೆ.

ಇದರ ಫಲ ಮೊದಲು ಗೊತ್ತಾಗುವುದು ಸ್ಪೀಕರ್‌ನಲ್ಲಿ. ಬೆಳಿಗ್ಗೆ ಉಮ್ಮ ಅಡುಗೆಮನೆಯ ಸ್ಪೀಕರ್‌ನಲ್ಲಿ ಕಿರಾಅತ್ ಹಾಕಿಕೊಂಡಿರುತ್ತಾರೆ. ಮಾಳಿಗೆಯ ಕೋಣೆಯಲ್ಲಿ ನೆಂಟರ ಹುಡುಗ ಯೂಟ್ಯೂಬ್ ನೋಡುತ್ತಾ ಪರದೆಯ ಮೇಲಿನ ಸಣ್ಣ ಗುರುತೊಂದನ್ನು ಗೊತ್ತಿಲ್ಲದೆ ಒತ್ತುತ್ತಾನೆ. ಕಿರಾಅತ್ ನಿಂತು ಸಿನಿಮಾ ಹಾಡು ಶುರುವಾಗುತ್ತದೆ. ಹುಡುಗನಿಗೆ ತಾನೇನು ಮಾಡಿದೆ ಎಂದು ಗೊತ್ತಿಲ್ಲ, ಉಮ್ಮನಿಗೆ ಅದನ್ನು ನಿಲ್ಲಿಸುವುದು ಹೇಗೆಂದು ಗೊತ್ತಿಲ್ಲ. ಇಲ್ಲಿ ಯಾರ ಕೆಟ್ಟತನವೂ ಇಲ್ಲ. ಸ್ಪೀಕರ್ ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿದೆ. ಅದರ ಕಣ್ಣಿಗೆ ಒಂದೇ ನೆಟ್‌ವರ್ಕ್‌ನಲ್ಲಿ ಇರುವವರೆಲ್ಲರೂ ಮನೆಯವರೇ.

ಸ್ಪೀಕರ್ ಫೋನಿಗೆ ಸಿಗುವುದು ಹೇಗೆ?

ವೈರ್ ಇಲ್ಲದ ಸ್ಪೀಕರ್‌ಗಳಲ್ಲಿ ಎರಡು ಜಾತಿ. ಒಂದು ಬ್ಲೂಟೂತ್‌ನದ್ದು, ಇನ್ನೊಂದು ವೈಫೈಯದ್ದು. ಅಮೆಜಾನ್ ಎಕೋ, ಗೂಗಲ್ ನೆಸ್ಟ್‌ನಂಥವುಗಳಲ್ಲಿ ಎರಡೂ ಇರುತ್ತವೆ.

ಬ್ಲೂಟೂತ್ ಸ್ಪೀಕರ್‌ಗೆ ವೈಫೈ ಪಾಸ್‌ವರ್ಡ್ ಬೇಕಿಲ್ಲ. ಸಾಮಾನ್ಯವಾಗಿ ಹತ್ತು ಮೀಟರ್‌ನ ಸುತ್ತಮುತ್ತ ಇರುವ ಫೋನ್ ಅದಕ್ಕೆ ನೇರವಾಗಿ ಜೋಡಿಯಾಗುತ್ತದೆ. ಒಬ್ಬರು ಹಾಡುತ್ತಿರುವಾಗ ಇನ್ನೊಬ್ಬರು ನುಗ್ಗುವುದು ಹೆಚ್ಚಿನ ಸ್ಪೀಕರ್‌ಗಳಲ್ಲಿ ಕಷ್ಟ.

ವೈಫೈ ಸ್ಪೀಕರ್‌ನ ಕಥೆ ಬೇರೆ. ಯೂಟ್ಯೂಬ್ ಅಥವಾ ಸ್ಪಾಟಿಫೈ ತೆರೆದ ಕೂಡಲೇ ಫೋನ್ ಇಡೀ ನೆಟ್‌ವರ್ಕ್‌ಗೆ ಕೇಳುವಂತೆ ಒಂದು ಕೂಗು ಹಾಕುತ್ತದೆ: "ಇಲ್ಲಿ ಹಾಡು ಹಾಕಲು ಯಾರಾದರೂ ಇದ್ದೀರಾ?" ತಾಂತ್ರಿಕವಾಗಿ ಈ ಕೂಗಿಗೆ ಎಂಡಿಎನ್ಎಸ್ ಎಂದು ಹೆಸರು. ಅದು 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ, 5353 ಎಂಬ ಪೋರ್ಟ್‌ನಲ್ಲಿ ಹೋಗುತ್ತದೆ. ಮನೆಯಲ್ಲಿರುವ ಪ್ರತಿ ಸ್ಪೀಕರ್, ಟಿವಿ "ನಾನಿದ್ದೇನೆ, ನನ್ನ ಹೆಸರು ಇಂಥದ್ದು" ಎಂದು ಉತ್ತರಿಸುತ್ತದೆ. ಫೋನಿನ ಪರದೆಯಲ್ಲಿ 'ಕಿಚನ್ ಸ್ಪೀಕರ್', 'ಬೆಡ್‌ರೂಂ ಸ್ಪೀಕರ್' ಎಂದು ಪಟ್ಟಿ ಬರುವುದು ಹೀಗೆ. ಕೇಳಿದ್ದು ಮನೆಯ ಯಜಮಾನನ ಫೋನೋ, ಪಕ್ಕದ ಮನೆಯ ಹುಡುಗನ ಫೋನೋ ಎಂದು ಹೆಚ್ಚಿನ ಸ್ಪೀಕರ್‌ಗಳು ವಿಚಾರಿಸುವುದೇ ಇಲ್ಲ.

ಇಲ್ಲಿ ನೆನಪಿಡಬೇಕಾದ ಮಾತು ಒಂದೇ. ಈ ಕೂಗು ಒಂದು ನೆಟ್‌ವರ್ಕ್‌ನ ಗಡಿ ದಾಟಿ ಹೊರಗೆ ಕೇಳಿಸುವುದಿಲ್ಲ. ಆದ್ದರಿಂದ ಸ್ಪೀಕರನ್ನು ಯಾರು ಮುಟ್ಟಬಹುದು ಎಂಬುದು ತೀರ್ಮಾನವಾಗುವುದು ಸ್ಪೀಕರ್‌ನಲ್ಲಿ ಅಲ್ಲ, ರೂಟರ್‌ನಲ್ಲಿ.

ಚಾವಡಿ ಬೇರೆ, ಒಳಮನೆ ಬೇರೆ

ಕರಾವಳಿಯ ಹಳೆಯ ಮನೆಗಳಲ್ಲಿ ಬಂದವರು ಕೂರಲು ಚಾವಡಿ ಇತ್ತು, ಮನೆಯವರಿಗೆ ಒಳಮನೆ ಇತ್ತು. ಚಾವಡಿಯಲ್ಲಿ ಕೂರಿಸಿದರೆಂದು ಯಾವ ನೆಂಟನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ವೈಫೈಗೂ ಇದೇ ಏರ್ಪಾಡು ಇದೆ. ಅದಕ್ಕೆ 'ಗೆಸ್ಟ್ ನೆಟ್‌ವರ್ಕ್' ಎನ್ನುತ್ತಾರೆ. ಒಂದೇ ರೂಟರ್, ಒಂದೇ ಇಂಟರ್‌ನೆಟ್ ಬಿಲ್, ಆದರೆ ಎರಡು ಹೆಸರು, ಎರಡು ಪಾಸ್‌ವರ್ಡ್. ಗೆಸ್ಟ್ ನೆಟ್‌ವರ್ಕ್‌ಗೆ ಸೇರಿದ ಫೋನಿಗೆ ವಾಟ್ಸಾಪ್, ಯೂಟ್ಯೂಬ್ ಎಲ್ಲ ಸಿಗುತ್ತದೆ, ಮನೆಯ ಸ್ಪೀಕರ್ ಮಾತ್ರ ಕಾಣುವುದಿಲ್ಲ. ಅದರ ಕೂಗು ಒಳಮನೆಗೆ ಕೇಳಿಸುವುದೇ ಇಲ್ಲ.

ಮಾಡುವ ಕ್ರಮ ಕಷ್ಟದ್ದಲ್ಲ:

- ಮನೆಯ ವೈಫೈಗೆ ಸೇರಿದ ಫೋನ್ ಅಥವಾ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹಾಕಬೇಕು. ಹೆಚ್ಚಿನವುಗಳಲ್ಲಿ ಅದು 192.168.1.1 ಅಥವಾ 192.168.0.1. ಜಿಯೋದ ಪೆಟ್ಟಿಗೆಯಲ್ಲಿ 192.168.29.1. ಪೆಟ್ಟಿಗೆಯ ಅಡಿಯ ಲೇಬಲ್‌ನಲ್ಲಿ ಇದು ಬರೆದಿರುತ್ತದೆ.
- ಲಾಗಿನ್ ಹೆಸರು, ಪಾಸ್‌ವರ್ಡ್ ಎರಡೂ ಇನ್ನೂ 'ಅಡ್ಮಿನ್' ಎಂದೇ ಇದ್ದರೆ ಮೊದಲು ಅದನ್ನು ಬದಲಿಸಬೇಕು. ಇಲ್ಲದಿದ್ದರೆ ಮುಂದೆ ಮಾಡುವ ಕೆಲಸವೆಲ್ಲ ಬಾಗಿಲು ಹಾಕಿ ಕೀಲಿಯನ್ನು ಹೊರಗೆ ತೂಗುಹಾಕಿದಂತೆ.
- 'ಗೆಸ್ಟ್ ನೆಟ್‌ವರ್ಕ್' ಎಂಬ ಪುಟ ತೆರೆದು ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡ್ ಇಲ್ಲದೆ ತೆರೆದಿಡಬಾರದು.
- ಅದೇ ಪುಟದಲ್ಲಿ, ಬಂದವರು ಮನೆಯ ಲೋಕಲ್ ನೆಟ್‌ವರ್ಕ್ ಬಳಸಬಹುದೇ, ಒಬ್ಬರನ್ನೊಬ್ಬರು ನೋಡಬಹುದೇ ಎಂದು ಕೇಳುವ ಚೌಕಗಳಿರುತ್ತವೆ. ಎರಡರಲ್ಲೂ ಟಿಕ್ ಇರಬಾರದು. ಮೊದಲನೆಯದಕ್ಕೆ ಟಿಕ್ ಇದ್ದರೆ ಗೆಸ್ಟ್ ನೆಟ್‌ವರ್ಕ್ ಹೆಸರಿಗೆ ಮಾತ್ರ, ಸ್ಪೀಕರ್ ಮೊದಲಿನಂತೆಯೇ ಎಲ್ಲರಿಗೂ ಸಿಗುತ್ತದೆ.
- ಕೊನೆಗೆ ಪರೀಕ್ಷೆ. ಒಂದು ಫೋನನ್ನು ಗೆಸ್ಟ್ ನೆಟ್‌ವರ್ಕ್‌ಗೆ ಸೇರಿಸಿ, ಅದರ ಬ್ಲೂಟೂತ್ ಆಫ್ ಮಾಡಿ, ಯೂಟ್ಯೂಬ್ ತೆರೆಯಬೇಕು. ಸ್ಪೀಕರ್‌ನ ಹೆಸರು ಕಾಣದಿದ್ದರೆ ಕೆಲಸ ಸರಿಯಾಗಿದೆ.

ರೂಟರ್‌ನಲ್ಲಿ 'ಎಪಿ ಐಸೋಲೇಶನ್' ಎಂಬ ಇನ್ನೊಂದು ಸ್ವಿಚ್ ಕಾಣಬಹುದು. ಅದನ್ನು ಮನೆಯ ಮುಖ್ಯ ನೆಟ್‌ವರ್ಕ್‌ನಲ್ಲಿ ಹಾಕಿದರೆ ಮನೆಯವರ ಫೋನಿಗೂ ಸ್ಪೀಕರ್ ಸಿಗುವುದಿಲ್ಲ. "ಸ್ಪೀಕರ್ ಹಾಳಾಯಿತು" ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಕೇಬಲ್‌ನವರ ಪೆಟ್ಟಿಗೆಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ?

ಉಪ್ಪಳ, ಕುಂಬಳೆ, ಮಂಜೇಶ್ವರದ ಕಡೆ ಅನೇಕ ಮನೆಗಳಿಗೆ ಫೈಬರ್ ಬರುವುದು ಊರಿನ ಕೇಬಲ್‌ನವರ ಮೂಲಕ. ಅವರು ಕೂರಿಸಿ ಹೋಗುವ ಪೆಟ್ಟಿಗೆಯಲ್ಲಿ ಕೆಲವೊಮ್ಮೆ ಗೆಸ್ಟ್ ನೆಟ್‌ವರ್ಕ್ ಇರುವುದಿಲ್ಲ, ಕೆಲವೊಮ್ಮೆ ಇದ್ದರೂ ಒಳಗೆ ಹೋಗಲು ಲಾಗಿನ್ ಕೊಟ್ಟಿರುವುದಿಲ್ಲ. ಮೊದಲು ಅವರಿಗೇ ಫೋನ್ ಮಾಡಿ ಕೇಳಬಹುದು. ಆಗದಿದ್ದರೆ ಸಾಧಾರಣ ಬೆಲೆಯ ಇನ್ನೊಂದು ರೂಟರ್ ತಂದು ಒಂದು ತುಂಡು ನೆಟ್ ಕೇಬಲ್‌ನಲ್ಲಿ ಪೆಟ್ಟಿಗೆಗೆ ಜೋಡಿಸಿದರೆ ಸಾಕು.

ಆದರೆ ಯಾರು ಯಾವುದರಲ್ಲಿ ಎಂಬ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊಸ ರೂಟರ್ ನೆಂಟರಿಗೆ, ಹಳೆಯ ಪೆಟ್ಟಿಗೆ ಮನೆಯವರಿಗೆ ಎಂದು ಮಾಡಿಬಿಡುತ್ತಾರೆ. ಅದು ತಿರುಗುಮುರುಗು. ಒಳಗಿನ ರೂಟರ್‌ನಲ್ಲಿ ಇರುವವರು ಹೊರಗಿನ ಪೆಟ್ಟಿಗೆಯ ಸಾಧನಗಳವರೆಗೆ ತಲುಪಬಹುದು. ಹೊರಗಿನವರು ಒಳಗೆ ಬರಲಾರರು. ಹಾಗಾಗಿ ಮನೆಯವರ ಫೋನ್, ಟಿವಿ, ಸ್ಪೀಕರ್ ಎಲ್ಲವೂ ಹೊಸ ರೂಟರ್‌ನಲ್ಲಿ ಇರಬೇಕು. ಕೇಬಲ್‌ನವರ ಪೆಟ್ಟಿಗೆಯ ವೈಫೈ ಬಂದವರಿಗೆ. ಹೊಸ ರೂಟರ್‌ನ ಕೇಬಲ್ ಅದರ 'ವ್ಯಾನ್' ತೂತಿಗೇ ಹೋಗಬೇಕು, ಅದು 'ರೂಟರ್ ಮೋಡ್'ನಲ್ಲೇ ಇರಬೇಕು. 'ಆಕ್ಸೆಸ್ ಪಾಯಿಂಟ್ ಮೋಡ್'ಗೆ ಹಾಕಿದರೆ ಎರಡೂ ಸೇರಿ ಮತ್ತೆ ಒಂದೇ ನೆಟ್‌ವರ್ಕ್ ಆಗುತ್ತದೆ.

ಹಳೆಯ ಪಾಸ್‌ವರ್ಡ್ ಈಗಾಗಲೇ ಊರಿಡೀ ಹೋಗಿದ್ದರೆ

ಇದು ಹೆಚ್ಚಿನ ಮನೆಗಳ ಪರಿಸ್ಥಿತಿ. ಒಮ್ಮೆ ವೈಫೈಗೆ ಸೇರಿದ ಆಂಡ್ರಾಯ್ಡ್ ಫೋನ್ ಆ ಪಾಸ್‌ವರ್ಡ್ ಅನ್ನು ಕ್ಯೂಆರ್ ಕೋಡ್ ಆಗಿ ಇನ್ನೊಬ್ಬರಿಗೆ ತೋರಿಸಬಲ್ಲದು. ಆ ಕೋಡ್‌ನ ಒಳಗೆ ಪಾಸ್‌ವರ್ಡ್ ಹಾಗೇ ಇರುತ್ತದೆ. ಐಫೋನ್‌ನಲ್ಲೂ ಐಒಎಸ್ 16ರಿಂದ ಉಳಿಸಿದ ಪಾಸ್‌ವರ್ಡ್ ನೋಡಬಹುದು. ಅಂದರೆ ಮದುವೆಗೆ ಬಂದ ಒಬ್ಬನಿಗೆ ಕೊಟ್ಟದ್ದು ಸಂಜೆಗೆ ನೆರೆಕರೆಯ ಹುಡುಗರ ಫೋನಿನಲ್ಲೂ ಇರಬಹುದು.

ಎಲ್ಲರ ಫೋನಿನಿಂದ ಅದನ್ನು ಅಳಿಸಲು ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಅದಕ್ಕೊಂದು ಸುಲಭದ ಉಪಾಯ ಇದೆ. ಮುಖ್ಯ ನೆಟ್‌ವರ್ಕ್‌ಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಟ್ಟು ಮನೆಯ ಸಾಧನಗಳನ್ನೆಲ್ಲ ಅದಕ್ಕೆ ಸೇರಿಸಬೇಕು. ಎಕೋ ಇದ್ದರೆ ಅಲೆಕ್ಸಾ ಆಪ್‌ನಲ್ಲಿ ವೈಫೈ ಬದಲಿಸಬಹುದು. ಗೂಗಲ್ ಸ್ಪೀಕರ್ ಇದ್ದರೆ ಗೂಗಲ್ ಹೋಮ್ ಆಪ್‌ನಲ್ಲಿ ಹಳೆಯ ನೆಟ್‌ವರ್ಕ್ ಮರೆಸಿ ಮತ್ತೆ ಹೊಂದಿಸಬೇಕು. ಎಲ್ಲ ಆದ ಮೇಲೆ ಗೆಸ್ಟ್ ನೆಟ್‌ವರ್ಕ್‌ಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಇಡಬೇಕು. ಮುಂದಿನ ಸಲ ಬರುವ ನೆಂಟರ ಫೋನ್ ಯಾರನ್ನೂ ಕೇಳದೆ ತಾನಾಗಿ ಚಾವಡಿಗೆ ಬಂದು ಕೂರುತ್ತದೆ. "ಪಾಸ್‌ವರ್ಡ್ ಬದಲಿಸಿದಿರಾ?" ಎಂಬ ಮಾತೇ ಏಳುವುದಿಲ್ಲ.

ಸ್ಪೀಕರ್‌ನ ಒಳಗೇ ಇರುವ ಬೀಗಗಳು

ಗೆಸ್ಟ್ ನೆಟ್‌ವರ್ಕ್ ಮಾಡಲು ಆಗದವರಿಗೆ, ಮಾಡಿದವರಿಗೂ, ಸ್ಪೀಕರ್‌ನ ಸೆಟ್ಟಿಂಗ್‌ಗಳಲ್ಲಿ ಕೆಲವು ಉಪಯೋಗಗಳಿವೆ. ಕಂಪೆನಿಯಿಂದ ಕಂಪೆನಿಗೆ ಇದು ಬೇರೆ.

ಆಪಲ್‌ನ ಏರ್‌ಪ್ಲೇ ಈ ವಿಷಯದಲ್ಲಿ ಸ್ಪಷ್ಟ. ಐಫೋನ್‌ನ ಹೋಮ್ ಆಪ್‌ನಲ್ಲಿ ಸ್ಪೀಕರ್ ಮತ್ತು ಟಿವಿಯ ಭಾಗಕ್ಕೆ ಹೋದರೆ ಮೂರು ಆಯ್ಕೆ ಸಿಗುತ್ತದೆ: ಎಲ್ಲರೂ, ಒಂದೇ ನೆಟ್‌ವರ್ಕ್‌ನಲ್ಲಿರುವ ಯಾರಾದರೂ, ಈ ಮನೆಗೆ ಸೇರಿಸಿದವರು ಮಾತ್ರ. ಮೊದಲ ಎರಡಕ್ಕೆ ಬೇರೆ ಪಾಸ್‌ವರ್ಡ್ ಕೂಡ ಇಡಬಹುದು. 'ಎಲ್ಲರೂ' ಎಂದು ಬಿಟ್ಟರೆ ವೈಫೈಗೆ ಸೇರದೆ ಹತ್ತಿರದಲ್ಲಿ ಇರುವವರಿಗೂ ಸ್ಪೀಕರ್ ಸಿಗುತ್ತದೆ ಎಂಬುದು ಗೊತ್ತಿರಲಿ.

ಗೂಗಲ್‌ನಲ್ಲಿ ಅಂಥ ಬೀಗ ಇಲ್ಲ. ಮನೆಯಲ್ಲಿ ಯಾರೋ ಹಾಡು ಹಾಕಿದರೆ ಅದೇ ವೈಫೈಯಲ್ಲಿರುವ ಉಳಿದ ಆಂಡ್ರಾಯ್ಡ್ ಫೋನ್‌ಗಳಿಗೂ ಅದನ್ನು ನಿಲ್ಲಿಸುವ, ಮ್ಯೂಟ್ ಮಾಡುವ ಸೂಚನೆ ಹೋಗುತ್ತದೆ. ಗೂಗಲ್ ಹೋಮ್ ಆಪ್‌ನಲ್ಲಿ ಸ್ಪೀಕರ್‌ನ ಸೆಟ್ಟಿಂಗ್‌ಗೆ ಹೋಗಿ ಬೇರೆಯವರಿಗೆ ಈ ನಿಯಂತ್ರಣ ಹೋಗದಂತೆ ಆಫ್ ಮಾಡಬಹುದು. ಆದರೆ ಇದರಿಂದ ನಿಲ್ಲುವುದು ಆ ಸೂಚನೆ ಮಾತ್ರ. ಅದೇ ವೈಫೈಯಲ್ಲಿರುವವನು ತನ್ನ ಯೂಟ್ಯೂಬ್‌ನಿಂದ ಹೊಸ ಹಾಡು ಕಳುಹಿಸುವುದನ್ನು ಅದು ತಡೆಯುವುದಿಲ್ಲ. 2021ರಲ್ಲಿ ಗೂಗಲ್ ತಂದ 'ಗೆಸ್ಟ್ ಮೋಡ್' ಕೂಡ ಇದಕ್ಕೆ ಮದ್ದಲ್ಲ. ಬಂದವರು ಸ್ಪೀಕರ್‌ಗೆ ಹೇಳಿದ ಮಾತು ಮನೆಯವರ ಗೂಗಲ್ ಖಾತೆಯಲ್ಲಿ ಉಳಿಯದಂತೆ ಮಾಡುವುದಕ್ಕಾಗಿ ಅದು ಬಂದದ್ದು. ಗೂಗಲ್‌ನಲ್ಲಿ ನಿಜವಾದ ಬೀಗ ಗೆಸ್ಟ್ ನೆಟ್‌ವರ್ಕ್ ಒಂದೇ.

ಸಣ್ಣ ಮಕ್ಕಳಿರುವ ಮನೆಗೆ ಇನ್ನೊಂದು ಉಪಯೋಗ ಇದೆ. ಗೂಗಲ್ ಹೋಮ್‌ನ 'ಡಿಜಿಟಲ್ ವೆಲ್‌ಬೀಯಿಂಗ್' ಭಾಗದಲ್ಲಿ ಅಶ್ಲೀಲ ಪದಗಳಿರುವ ಹಾಡುಗಳಿಗೆ ಜರಡಿ ಹಾಕಬಹುದು. ರಾತ್ರಿ ಇಂತಿಷ್ಟು ಗಂಟೆಯ ಮೇಲೆ ಉತ್ತರಿಸದಂತೆ ಸಮಯವನ್ನೂ ಇಡಬಹುದು. ಅಲೆಕ್ಸಾದಲ್ಲೂ ಹಾಡಿಗೆ ಇಂಥ ಜರಡಿ ಇದೆ.

ಅಮೆಜಾನ್ ಎಕೋದಲ್ಲಿ ಫೋನಿಗಿಂತ ಬಾಯಿಯೇ ದೊಡ್ಡ ಕೀಲಿ. ಕೋಣೆಯಲ್ಲಿರುವ ಯಾರು ಕೂಗಿದರೂ ಅದು ಕೇಳುತ್ತದೆ. ಖರೀದಿಗೆ ನಾಲ್ಕು ಅಂಕಿಯ ಧ್ವನಿ ಸಂಕೇತ ಇಡುವುದು, ಇಲ್ಲವೇ ಧ್ವನಿ ಖರೀದಿಯನ್ನೇ ಆಫ್ ಮಾಡುವುದು ಒಳ್ಳೆಯದು. 'ಡ್ರಾಪ್ ಇನ್' ಎಂಬ ಸೌಲಭ್ಯವನ್ನೂ ಗಮನಿಸಬೇಕು. ಅದಕ್ಕೆ ಅನುಮತಿ ಪಡೆದವರು ಬೇರೆ ಊರಿನಿಂದಲೂ ಕರೆ ಎತ್ತುವವರಿಗಾಗಿ ಕಾಯದೆ ಸ್ಪೀಕರ್ ಮೂಲಕ ನೇರ ಮನೆಯೊಳಗೆ ಮಾತಾಡಬಹುದು, ಮನೆಯ ಮಾತು ಕೇಳಬಹುದು. ವಯಸ್ಸಾದ ತಂದೆ ತಾಯಿಯನ್ನು ವಿಚಾರಿಸಲು ಗಲ್ಫ್‌ನಲ್ಲಿರುವ ಮಕ್ಕಳಿಗೆ ಇದು ಉಪಕಾರಿ. ಅನುಮತಿ ಯಾರಿಗೆಲ್ಲ ಇದೆ ಎಂಬ ಪಟ್ಟಿಯನ್ನು ಮಾತ್ರ ಆಗಾಗ ನೋಡಬೇಕು.

ಸ್ಪಾಟಿಫೈಯಲ್ಲಿ ಒಂದು ವಿಚಿತ್ರ ಇದೆ. ನೆಂಟನೊಬ್ಬ ಮನೆಯ ವೈಫೈಯಲ್ಲಿದ್ದಾಗ ತನ್ನ ಸ್ಪಾಟಿಫೈಯಿಂದ ಹಾಡು ಹಾಕಿದರೆ ಕೆಲವು ಸ್ಪೀಕರ್‌ಗಳು ಅವನ ಖಾತೆಯನ್ನೇ ಹಿಡಿದುಕೊಂಡು ಕೂರುತ್ತವೆ. ಅವನು ಊರು ಬಿಟ್ಟು ದುಬೈಗೆ ಮುಟ್ಟಿದ ಮೇಲೂ ಅವನ ಫೋನಿನ ಪಟ್ಟಿಯಲ್ಲಿ ಆ ಮನೆಯ ಸ್ಪೀಕರ್ ಕಾಣುತ್ತಿರುತ್ತದೆ. ಅಲ್ಲಿಂದ ಒತ್ತಿದರೆ ಇಲ್ಲಿ ಹಾಡುತ್ತದೆ. ರಾತ್ರಿ ಎರಡು ಗಂಟೆಗೆ ಸ್ಪೀಕರ್ ತಾನಾಗಿ ಹಾಡಿದರೆ ಬೇರೆ ಏನನ್ನೋ ಊಹಿಸಿ ಹೆದರುವ ಅಗತ್ಯವಿಲ್ಲ. ಮನೆಯವರೊಬ್ಬರು ತಮ್ಮ ಖಾತೆಯಿಂದ ಒಮ್ಮೆ ಹಾಡು ಹಾಕಿದರೆ ಹಿಡಿತ ಸಾಮಾನ್ಯವಾಗಿ ಅವರಿಗೆ ಬರುತ್ತದೆ. ಅಷ್ಟಕ್ಕೂ ಆಗದಿದ್ದರೆ ಸ್ಪೀಕರನ್ನು ರೀಸೆಟ್ ಮಾಡಬೇಕು.

ಕೇಳುವ ಕಿವಿಯ ವಿಷಯ

ಸ್ಪೀಕರ್‌ನಲ್ಲಿ ಯಾರು ಹಾಡು ಹಾಕುತ್ತಾರೆ ಎಂಬುದು ಅರ್ಧ ವಿಷಯ. ಸ್ಮಾರ್ಟ್ ಸ್ಪೀಕರ್‌ಗೆ ಮೈಕ್ ಕೂಡ ಇದೆ. ತನ್ನ ಹೆಸರು ಕೇಳಿದಾಗ ಎಚ್ಚರಾಗಿ ಮುಂದಿನ ಮಾತನ್ನು ಕಂಪೆನಿಯ ಸರ್ವರ್‌ಗೆ ಕಳುಹಿಸುವುದು ಅದರ ಕ್ರಮ. ಹೆಸರಿನಂತೆ ಕೇಳಿಸುವ ಬೇರೆ ಪದಕ್ಕೂ ಕೆಲವೊಮ್ಮೆ ಎಚ್ಚರಾಗುತ್ತದೆ. 2017ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬರ್ಗರ್ ಕಿಂಗ್ ಟಿವಿ ಜಾಹೀರಾತಿನಲ್ಲೇ ಗೂಗಲ್ ಸ್ಪೀಕರನ್ನು ಕರೆಯುವ ಮಾತು ಇಟ್ಟು ಜನರ ಮನೆಯ ಸ್ಪೀಕರ್‌ಗಳು ತನ್ನ ಬರ್ಗರ್ ಬಗ್ಗೆ ಓದುವಂತೆ ಮಾಡಿತ್ತು. 2025ರ ಮಾರ್ಚ್‌ನಲ್ಲಿ ಅಮೆಜಾನ್, ಧ್ವನಿಯನ್ನು ಸರ್ವರ್‌ಗೆ ಕಳುಹಿಸದೆ ಇರುವಂತೆ ಕೆಲವು ಎಕೋಗಳಲ್ಲಿ ಇದ್ದ ಆಯ್ಕೆಯನ್ನು ತೆಗೆದುಹಾಕಿತು.

ಮದುವೆ ಮಾತುಕತೆ, ಆಸ್ತಿ ಪಾಲಿನ ಮಾತು, ಹೆಂಗಸರು ಕೂತು ಮನಸ್ಸು ಬಿಚ್ಚಿ ಮಾತಾಡುವ ಹೊತ್ತು, ಇವಕ್ಕೆಲ್ಲ ಮೈಕ್ ಬೇಕಿಲ್ಲ. ಎಕೋದ ಮೇಲಿನ ಮೈಕ್ ಬಟನ್ ಒತ್ತಿದರೆ ಕೆಂಪು ದೀಪ ಬರುತ್ತದೆ. ನೆಸ್ಟ್ ಮಿನಿಯಲ್ಲಿ ವೈರ್‌ನ ಪಕ್ಕ ಜಾರಿಸುವ ಸ್ವಿಚ್ ಇದೆ, ಹಾಕಿದರೆ ಕಿತ್ತಳೆ ಬಣ್ಣದ ದೀಪಗಳು ಉರಿಯುತ್ತವೆ. ಆಗಲೂ ಫೋನಿನಿಂದ ಹಾಡು ಹಾಕಬಹುದು. ಮನೆಗೆ ಬಂದವರಿಗೆ "ಇಲ್ಲಿ ಇಂಥ ಸ್ಪೀಕರ್ ಇದೆ" ಎಂದು ಒಂದು ಮಾತು ಹೇಳುವುದೂ ಮರ್ಯಾದೆಯೇ. ಅವರ ಮಾತಿನ ಗುಟ್ಟು ಕಾಪಾಡುವುದು ಮನೆಯವರ ಜವಾಬ್ದಾರಿ.

ತಪ್ಪು ತಿಳಿವಳಿಕೆಗಳು

"5ಜಿ ಎಂದಿರುವ ವೈಫೈ ನಮಗೆ, ಇನ್ನೊಂದು ನೆಂಟರಿಗೆ" ಎಂದು ಹಂಚಿಕೊಂಡ ಮನೆಗಳು ಬಹಳ. ಇದು ಪ್ರಯೋಜನಕ್ಕಿಲ್ಲ. 5 ಗಿಗಾಹರ್ಟ್ಸ್, 2.4 ಗಿಗಾಹರ್ಟ್ಸ್ ಎಂಬುದು ಒಂದೇ ಮನೆಗೆ ಎರಡು ಬಾಗಿಲು ಇದ್ದ ಹಾಗೆ. ಯಾವುದರಲ್ಲಿ ಬಂದರೂ ಮುಟ್ಟುವುದು ಅದೇ ನೆಟ್‌ವರ್ಕ್‌ಗೆ. ಮೊಬೈಲ್ ಕಂಪೆನಿಗಳ 5ಜಿಗೂ ಇದಕ್ಕೂ ಸಂಬಂಧವೇ ಇಲ್ಲ.

"ವೈಫೈ ಹೆಸರು ಅಡಗಿಸಿಟ್ಟರೆ ಆಯಿತು" ಎಂಬುದೂ ಹಾಗೆಯೇ. ಪಾಸ್‌ವರ್ಡ್ ಗೊತ್ತಿರುವವನಿಗೆ ಹೆಸರು ಗೊತ್ತಾಗಲು ಎಷ್ಟು ಹೊತ್ತು ಬೇಕು?

"ಹೊರಗಿನವರು ಯಾರು ನಮ್ಮ ಸ್ಪೀಕರ್‌ಗೆ ಬರುತ್ತಾರೆ ಮಾರಾಯ್ರೆ?" ಎಂಬ ಪ್ರಶ್ನೆಗೆ ಉತ್ತರ ಇದೆ. 2017ರ ಕೊನೆಯಲ್ಲಿ ಟ್ರೆಂಡ್ ಮೈಕ್ರೋ ಕಂಪೆನಿಯ ಸಂಶೋಧಕರು ಸೋನೋಸ್ ಮತ್ತು ಬೋಸ್‌ನ ಕೆಲವು ಸ್ಪೀಕರ್‌ಗಳು ಇಂಟರ್‌ನೆಟ್‌ಗೆ ತೆರೆದುಕೊಂಡಿರುವುದನ್ನು, ದೂರದಿಂದಲೇ ಅವುಗಳಲ್ಲಿ ಶಬ್ದ ಹಾಕಬಹುದಾದ್ದನ್ನು ತೋರಿಸಿದರು. 2019ರ ಜನವರಿಯಲ್ಲಿ ಹ್ಯಾಕರ್‌ಗಳು ಸಾವಿರಾರು ಕ್ರೋಮ್‌ಕಾಸ್ಟ್‌ಗಳಲ್ಲಿ ತಮಗೆ ಬೇಕಾದ ವೀಡಿಯೋ ಓಡಿಸಿದರು. ರೂಟರ್‌ಗಳಲ್ಲಿ 'ಯುಪಿಎನ್‌ಪಿ' ಎಂಬ ಸೌಲಭ್ಯ ತೆರೆದಿದ್ದದ್ದು ಅದಕ್ಕೆ ದಾರಿಯಾಯಿತು. 2025ರ ಏಪ್ರಿಲ್‌ನಲ್ಲಿ ಒಲಿಗೋ ಎಂಬ ಸಂಸ್ಥೆ ಏರ್‌ಪ್ಲೇಯಲ್ಲಿನ ದೋಷಗಳನ್ನು ಹೊರಗೆ ಹಾಕಿತು. ಅದೇ ವೈಫೈಯಲ್ಲಿ ಇರುವವನೊಬ್ಬ ಬೇರೆ ಕಂಪೆನಿಗಳ ಏರ್‌ಪ್ಲೇ ಸ್ಪೀಕರ್‌ಗಳನ್ನು ವಶಕ್ಕೆ ತೆಗೆದುಕೊಳ್ಳಬಹುದು ಎಂಬುದು ಅದರ ಸಾರ. ಆಪಲ್ ತನ್ನ ಸಾಧನಗಳಿಗೆ ತಿದ್ದುಪಡಿ ಕೊಟ್ಟಿತು. ಉಳಿದ ಕಂಪೆನಿಗಳ ಹಳೆಯ ಸ್ಪೀಕರ್‌ಗಳಿಗೆಲ್ಲ ಅದು ಸಿಕ್ಕೀತೆಂಬ ಖಾತ್ರಿ ಇಲ್ಲ. ಆದ್ದರಿಂದ ಯುಪಿಎನ್‌ಪಿ ಆಫ್ ಮಾಡುವುದು, ಸ್ಪೀಕರ್‌ನ ಅಪ್‌ಡೇಟ್ ತಪ್ಪಿಸದಿರುವುದು, ಬಂದವರಿಗೆ ಬೇರೆ ನೆಟ್‌ವರ್ಕ್ ಕೊಡುವುದು, ಮೂರೂ ಒಟ್ಟಿಗೆ ಇರಬೇಕು.

ಬ್ಲೂಟೂತ್‌ಗೆ ಏನು ಮಾಡುವುದು?

ಅಗ್ಗದ ಬ್ಲೂಟೂತ್ ಸ್ಪೀಕರ್‌ಗಳು ಪಿನ್ ಕೇಳುವುದಿಲ್ಲ. ಆನ್ ಆಗಿದ್ದು ಯಾರಿಗೂ ಜೋಡಿಯಾಗದೆ ಇದ್ದರೆ ಮೊದಲು ಬಂದ ಫೋನಿಗೆ ಒಲಿಯುತ್ತವೆ. ಗೋಡೆ ಅದಕ್ಕೆ ದೊಡ್ಡ ಅಡ್ಡಿಯಲ್ಲ. ಅಕ್ಕಪಕ್ಕ ಅಂಟಿಕೊಂಡ ಫ್ಲ್ಯಾಟ್‌ಗಳಲ್ಲಿ ಪಕ್ಕದ ಮನೆಯ ಹಾಡು ಈ ಮನೆಯಲ್ಲಿ ಕೇಳುವುದು ಹೀಗೆ. ಉಪಯೋಗ ಮುಗಿದ ಕೂಡಲೇ ಆಫ್ ಮಾಡುವುದು ಇದಕ್ಕಿರುವ ನೇರ ಮದ್ದು. ಹಳೆಯ ಜೋಡಣೆಗಳನ್ನು ಅಳಿಸಲು ಫ್ಯಾಕ್ಟರಿ ರೀಸೆಟ್ ಮಾಡಬೇಕು. ಸ್ಪೀಕರನ್ನು ಮಾರುವಾಗ, ಯಾರಿಗಾದರೂ ಕೊಡುವಾಗ ಇದು ಕಡ್ಡಾಯ ಎಂದೇ ತಿಳಿಯಬೇಕು. ಸಂಘದ ಕಚೇರಿ, ಕಾರ್ಯಕ್ರಮದ ಹಾಲ್‌ಗಳಲ್ಲಿ ಬ್ಲೂಟೂತ್ ಇರುವ ಆಂಪ್ಲಿಫೈಯರ್ ಬಳಸುವವರು ಭಾಷಣದ ಹೊತ್ತಿಗೆ ಬ್ಲೂಟೂತ್ ಬಂದ್ ಇಡುವುದು ಕ್ಷೇಮ.

ಗಲ್ಫ್‌ನ ರೂಮಿನಲ್ಲಿ

ದುಬೈ, ದಮ್ಮಾಮ್, ದೋಹಾದಲ್ಲಿ ಒಂದೇ ಫ್ಲ್ಯಾಟ್‌ನಲ್ಲಿ ಹಲವರು ಸೇರಿ ಒಂದೇ ವೈಫೈ ಹಂಚಿಕೊಳ್ಳುವುದು ಸಾಮಾನ್ಯ. ಅಲ್ಲಿ ರೂಟರ್ ಯಾರ ಕೈಯಲ್ಲಿದೆಯೋ ಗೊತ್ತಿರುವುದಿಲ್ಲ. ಅಂಥ ಕಡೆ ವೈಫೈ ಸ್ಪೀಕರ್ ಇಟ್ಟರೆ ಇಡೀ ಫ್ಲ್ಯಾಟ್‌ಗೆ ಅದು ಕಾಣುತ್ತದೆ. ಬೆಳಗಿನ ಶಿಫ್ಟ್‌ನವನು ಮಲಗಿದಾಗ ರಾತ್ರಿ ಶಿಫ್ಟ್‌ನವನ ಹಾಡು ಅವನ ತಲೆದಿಂಬಿನ ಪಕ್ಕ ಹಾಡಬಹುದು. ಅಲ್ಲಿ ಇಯರ್‌ಫೋನ್ ಅಥವಾ ತನ್ನ ಫೋನಿಗೆ ಮಾತ್ರ ಜೋಡಿಸಿದ ಬ್ಲೂಟೂತ್ ಸ್ಪೀಕರ್ ಸಾಕು. ಮೈಕ್ ಇರುವ ಸ್ಪೀಕರ್ ಆದರೆ ರೂಮಿನವರೆಲ್ಲರ ಒಪ್ಪಿಗೆ ಬೇಕು.

ಕೀಲಿ ಯಾರ ಕೈಯಲ್ಲಿ?

ತಂತ್ರಜ್ಞಾನಕ್ಕಿಂತ ದೊಡ್ಡ ತೊಡಕು ಇಲ್ಲಿದೆ. ಮನೆಯಲ್ಲಿ ಸ್ಪೀಕರ್, ಟಿವಿ, ರೂಟರ್ ಎಲ್ಲವನ್ನೂ ಹೊಂದಿಸುವುದು ಒಬ್ಬ ಹುಡುಗ, ತನ್ನ ಜಿಮೇಲ್‌ನಲ್ಲಿ, ತನ್ನ ಫೋನಿನಲ್ಲಿ. ಆರು ತಿಂಗಳಾದ ಮೇಲೆ ಅವನಿಗೆ ವೀಸಾ ಬರುತ್ತದೆ, ಹೋಗುತ್ತಾನೆ. ಮನೆಯಲ್ಲಿ ಉಳಿದವರಿಗೆ ಪಾಸ್‌ವರ್ಡ್ ಬದಲಿಸಲು ಗೊತ್ತಿಲ್ಲ, ಸ್ಪೀಕರ್ ಯಾರ ಖಾತೆಯಲ್ಲಿದೆ ಎಂದೂ ಗೊತ್ತಿಲ್ಲ. ಏನಾದರೂ ಕೆಟ್ಟರೆ ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು, ಅವನ ಕೈಗೆ ಫೋನ್ ಕೊಡಬೇಕು. ಬಂದವರಿಂದ ಕಾಪಾಡಲು ಹಾಕಿದ ಬೀಗವೇ ಆಗ ಮನೆಯವರಿಗೆ ಅಡ್ಡಿಯಾಗುತ್ತದೆ.

ಹಾಗಾಗಿ ಊರು ಬಿಡುವ ಮೊದಲು ಅವನು ಮಾಡಬೇಕಾದ ಕೆಲಸ ಮೂರು. ಗೂಗಲ್ ಹೋಮ್ ಅಥವಾ ಆಪಲ್ ಹೋಮ್‌ನಲ್ಲಿ ಮನೆಯಲ್ಲಿ ಇರುವ ಇನ್ನೊಬ್ಬರನ್ನು, ತಂಗಿಯನ್ನೋ ಉಮ್ಮನನ್ನೋ, ಸೇರಿಸಬೇಕು. ಎಕೋ ಆದರೆ ಮನೆಯಲ್ಲಿರುವ ಒಂದು ಫೋನಿಗೂ ಅಲೆಕ್ಸಾ ಆಪ್ ಹಾಕಿಕೊಡಬೇಕು. ರೂಟರ್‌ನ ಲಾಗಿನ್, ಎರಡೂ ವೈಫೈಗಳ ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದು ರೇಷನ್ ಕಾರ್ಡ್ ಇಡುವ ಕಡೆ ಇಡಬೇಕು. ಸ್ಪೀಕರ್‌ನ ಮೈಕ್ ಬಂದ್ ಮಾಡುವುದು ಹೇಗೆ, ಅದು ಹೇಳಿದಂತೆ ಕೇಳದಿದ್ದರೆ ಪ್ಲಗ್ ತೆಗೆಯುವುದು ಹೇಗೆ ಎಂದು ಮನೆಯ ಹಿರಿಯರಿಗೆ ಕೈಯಾರೆ ತೋರಿಸಬೇಕು. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ ಹೇಳಿಕೊಡುವುದಕ್ಕಿಂತ ಅದು ಎಷ್ಟೋ ಸುಲಭ.

ನೆಂಟರಿಗೂ ಹಾಡು ಹಾಕಬೇಕೆನಿಸಿದರೆ

ಹಾಡು ಹಾಕಲೇಬಾರದು ಎಂಬುದು ಇದರ ಅರ್ಥವಲ್ಲ. ಮದುವೆಯ ಮುನ್ನಾದಿನ ಹುಡುಗ ಹುಡುಗಿಯರು ಸೇರಿದಾಗ ಸ್ಪೀಕರ್ ಸುಮ್ಮನಿರುವುದೂ ಚೆಂದವಲ್ಲ. ಹಾಲ್‌ನಲ್ಲಿ ಒಂದು ಬ್ಲೂಟೂತ್ ಸ್ಪೀಕರ್ ಇಟ್ಟು "ಇದು ಎಲ್ಲರದ್ದು" ಎಂದುಬಿಡಬಹುದು. ಸ್ಪಾಟಿಫೈ ಪ್ರೀಮಿಯಂ ಇರುವವರು 2023ರಲ್ಲಿ ಬಂದ 'ಜ್ಯಾಮ್' ಶುರು ಮಾಡಿದರೆ ಬಂದವರು ಕೋಡ್ ಸ್ಕ್ಯಾನ್ ಮಾಡಿ ತಮ್ಮ ಹಾಡನ್ನು ಸಾಲಿಗೆ ಸೇರಿಸಬಹುದು. ಯಾವುದನ್ನು ಉಳಿಸುವುದು, ಯಾವುದನ್ನು ತೆಗೆಯುವುದು ಎಂಬ ಅಧಿಕಾರ ಶುರು ಮಾಡಿದವರಿಗಿರುತ್ತದೆ. ಆಗ ಅಡುಗೆಮನೆಯ ಸ್ಪೀಕರ್ ತನ್ನ ಪಾಡಿಗೆ ಇರುತ್ತದೆ.

ರಮಳಾನ್ ಬಂದರೆ ಇಫ್ತಾರ್‌ಗೆ ಜನ, ಪೆರ್ನಾಳ್‌ಗೆ ಜನ, ರಜೆಗೆ ಗಲ್ಫ್‌ನಿಂದ ಬರುವ ಬಂಧುಗಳು. ಬರುವವರು ಬರಲಿ, ಬರಬೇಕು. ಅದಕ್ಕೆ ಮೊದಲು ಒಂದು ಭಾನುವಾರ ಅರ್ಧ ಗಂಟೆ ಕೂತು ರೂಟರ್‌ನಲ್ಲಿ ಎರಡನೆಯ ಹೆಸರೊಂದನ್ನು ಸೃಷ್ಟಿಸಿ, ಅದರ ಪಾಸ್‌ವರ್ಡ್ ಅನ್ನು ದೊಡ್ಡ ಅಕ್ಷರದಲ್ಲಿ ಬರೆದು ಚಾವಡಿಯ ಗೋಡೆಗೆ ಅಂಟಿಸಿದರೆ ಕೆಲಸ ಮುಗಿಯಿತು. ಕೇಳುವ ಮೊದಲೇ ಪಾಸ್‌ವರ್ಡ್ ಸಿಕ್ಕಿತೆಂದು ನೆಂಟರಿಗೆ ಖುಷಿ, ಒಳಮನೆಯ ಸ್ಪೀಕರ್ ಮನೆಯವರ ಮಾತನ್ನೇ ಕೇಳುತ್ತದೆಂದು ಮನೆಯವರಿಗೆ ನೆಮ್ಮದಿ.